ಬ್ರೇಕಿಗೆ ಕೀಲೆಣ್ಣೆ

ಗ್ಯಾರೇಜು ಬಿಟ್ಟು ಮನೆ ಸೇರಿದ ಮೇಲೆ ನನ್ನನ್ನು ಹುಡುಕಿಕೊಂಡು ಬರುವವರಲ್ಲಿ ಮೋಟಾರ್ ಸೈಕಲ್ ರಿಪೇರಿ ಕಲಿಯುತ್ತಿರುವ ಹುಡುಗರೇ ಹೆಚ್ಚು. ಬಂದು ಕೂತವರೇ ಎಂಜಿನ್ನಿನ ಮಾತು ತೆಗೆಯುತ್ತಾರೆ. ಟೈಮಿಂಗ್ ಹೇಗೆ ಕೂಡಿಸುವುದು, ಹೊಸ ಗಾಡಿಗಳಿಗೆ ಕಂಪ್ಯೂಟರ್ ಹಚ್ಚಿ ನೋಡುವುದನ್ನು ಕಲಿಯಲೇಬೇಕೇ, ನಟ್ಟು ತಿರುಗಿಸುವ ಯಾವ ಪಾನಾ ಗಟ್ಟಿ ಬರುತ್ತದೆ ಎಂದೆಲ್ಲ ಕೇಳುತ್ತಾರೆ. ಗೊತ್ತಿದ್ದಷ್ಟು ಹೇಳುತ್ತೇನೆ. ಆದರೆ ಅವರು ಎಂದೂ ಕೇಳದ ಒಂದು ವಿಷಯ ಹೇಳದೆ ಉಳಿದುಬಿಡುತ್ತದೆ. ಅದಕ್ಕೇ ಇದನ್ನು ಬರೆಯಲು ಕೂತೆ.

ಗಾಡಿ ಕೆಟ್ಟದ್ದು ಅದರ ಯಜಮಾನನ ಕೈಯಿಂದಲೇ ಎಂದು ಆ ಯಜಮಾನನಿಗೇ ಹೇಳಬೇಕಾಗುತ್ತದಲ್ಲ, ನಮ್ಮ ಕಸುಬಿನಲ್ಲಿ ಅದರಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಹೇಳುವ ರೀತಿ ತಪ್ಪಿದರೆ ಗಾಡಿ ಸರಿಹೋದರೂ ಮನೆ ಕೆಡುತ್ತದೆ. ಅಳವಂಡಿ ಕಡೆಯ ಒಬ್ಬ ಹುಡುಗಿ ಇನ್ನು ಮುಂದೆ ಗಾಡಿ ಹತ್ತಬೇಕೋ, ಮನೆಯಲ್ಲಿ ಕೂಡಬೇಕೋ ಎಂಬುದು ಒಮ್ಮೆ ನಾನು ಬಿಚ್ಚಿದ ಗಾಲಿಯ ಮೇಲೆ ನಿಂತಿತ್ತು. ಅಲ್ಲಿಗೆ ಬರುತ್ತೇನೆ. ಅದಕ್ಕೂ ಮೊದಲು ನಾನು ಕಲಿತದ್ದು ಹೇಗೆ ಎಂಬುದನ್ನು ಹೇಳಬೇಕು, ಇಲ್ಲದಿದ್ದರೆ ಅಂದು ನಾನು ನಡೆದುಕೊಂಡ ರೀತಿ ನಿಮಗೆ ಅರ್ಥವಾಗುವುದಿಲ್ಲ.

ನಾನು ಪಾನಾ ಹಿಡಿದದ್ದು ಗಂಗಾವತಿಯಲ್ಲಿ. ಕಸುಬು ಕಲಿಸಿದ ನಮ್ಮ ಉಸ್ತಾದರ ಗ್ಯಾರೇಜು ಅಕ್ಕಿ ಗಿರಣಿಗಳ ಸಾಲಿನ ಕೊನೆಗಿತ್ತು. ಗಾಳಿ ಬೀಸಿದರೆ ಬಿಚ್ಚಿಟ್ಟ ಎಂಜಿನ್ನಿನ ಮೇಲೆ ತೌಡು ಬಂದು ಕೂಡುತ್ತಿತ್ತು, ಅದಕ್ಕೇ ನಮ್ಮಲ್ಲಿ ಎಲ್ಲವನ್ನೂ ಹಸಿ ಬಟ್ಟೆ ಮುಚ್ಚಿ ಇಡುವ ರೂಢಿ. ಉಸ್ತಾದರು ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡಿದ್ದ ಮನುಷ್ಯ. ಪಾನಾ ನೆಲದ ಮೇಲೆ ಇಟ್ಟರೆ ಬೈಗುಳ, ನಟ್ಟನ್ನು ಹಲ್ಲಿನಲ್ಲಿ ಕಚ್ಚಿಕೊಂಡರೆ ಬೈಗುಳ, ಬೈದದ್ದಕ್ಕೆ ತಲೆ ತಗ್ಗಿಸಿ ನಿಂತರೆ ಅದಕ್ಕೂ ಬೈಗುಳ. ಗಿರಾಕಿಯ ಮುಂದೆ ಮಾತ್ರ ಅವರ ದನಿಯೇ ಬೇರೆಯಾಗಿಬಿಡುತ್ತಿತ್ತು. ಗಾಡಿ ನೂಕಿಕೊಂಡು ಬಂದವನಿಗೆ ನಾನು ಏನಾಗಿದೆ ಎಂದು ಕೇಳಿದರೆ ನನ್ನನ್ನು ಪಕ್ಕಕ್ಕೆ ಕರೆಯುತ್ತಿದ್ದರು.

"ಏನಾಗೈತಿ ಅಂತ ಕೇಳಿದ್ರ ಅಂವ ಏನ್ ಹೇಳ್ತಾನ ಬೇಟಾ? ಗೊತ್ತಿದ್ರ ನಮ್ಮ ಕಡೆ ಯಾಕ ಬರ್ತಿದ್ದ? ಮನ್ಯಾಗ ಏನೇನ್ ಮಾಡಿ ನೋಡೀರಿ ಅಂತ ಕೇಳು. ಮತ್ತ ನಗಬ್ಯಾಡ. ನಕ್ಕಿ ಅಂದ್ರ ಅಂವ ಅರ್ಧ ಮುಚ್ಚಿಡ್ತಾನ."

ಈ ಮಾತಿನ ಬೆಲೆ ನನಗೆ ತಿಳಿದದ್ದು ನವಲಿಯ ಒಬ್ಬ ರೈತ ಬಂದಾಗ. ಆ ಹೊತ್ತಿಗೆ ನಾನು ಅಲ್ಲಿ ಸೇರಿ ಎಷ್ಟೋ ವರ್ಷವಾಗಿತ್ತು, ಮೊಬೈಲು ಎಲ್ಲರ ಜೇಬಿಗೂ ಬಂದ ಹೊಸತು. ಕಾಲುವೆ ದಂಡೆಯ ಮೇಲೆ ಎದುರಿಗೆ ಬಂದ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಅವನು ಗಾಡಿ ಸಮೇತ ನೀರಿಗೆ ಬಿದ್ದಿದ್ದ. ಜನ ಸೇರಿ ಅವನನ್ನೂ ಗಾಡಿಯನ್ನೂ ಎತ್ತಿದರು. ನೀರಿಗೆ ಬಿದ್ದ ಮೊಬೈಲನ್ನು ಅಕ್ಕಿಯಲ್ಲಿ ಹೂತಿಟ್ಟರೆ ಒಣಗುತ್ತದೆ ಎಂದು ಅಳಿಯ ಎಂದೋ ಹೇಳಿದ್ದನಂತೆ. ಮೊಬೈಲಿಗೆ ಅಕ್ಕಿಯಾದರೆ ಗಾಡಿಗೆ ಭತ್ತ ಎಂದು ಇವನ ಲೆಕ್ಕ. ಕಣದಲ್ಲಿ ರಾಶಿ ಬಿದ್ದಿತ್ತು. ಗಾಡಿಯನ್ನು ಅಡ್ಡ ಮಲಗಿಸಿ, ಹ್ಯಾಂಡಲ್ಲಿನ ತುದಿ ಮಾತ್ರ ಕಾಣುವಂತೆ ರಾಶಿಯೊಳಗೆ ಹುಗಿದುಬಿಟ್ಟಿದ್ದ.

ನಮ್ಮ ಹತ್ತಿರ ಬಂದಾಗ ಆ ಗಾಡಿಯ ಸಂದುಸಂದಿನಲ್ಲೂ ಭತ್ತ. ತೆಗೆದಷ್ಟೂ ಬರುತ್ತಿತ್ತು. ಎಲ್ಲ ತೆಗೆದೆವು ಅಂದುಕೊಂಡು ಎಂಜಿನ್ ಹೇಗೋ ಚಾಲೂ ಮಾಡಿ, ತಡೆತಡೆದು ಓಡುತ್ತಿದ್ದರೂ ಸ್ವಲ್ಪ ಹೊತ್ತು ಬಿಟ್ಟೆವು. ಕಾದ ಸೈಲೆನ್ಸರಿನಿಂದ ಮೊದಲು ಹೊಗೆ, ಆಮೇಲೆ ಪಟಪಟ ಸಪ್ಪಳ, ಆಮೇಲೆ ಬೆಳ್ಳಗೆ ಅರಳು ಹಾರಿ ಬಂದವು. ನನಗೆ ನಗು ತಡೆಯಲಾಗದೆ ಗಿರಣಿಯ ಗೋಡೆಯ ಹಿಂದೆ ಓಡಿದೆ. ಉಸ್ತಾದರು ಒಂದು ಅರಳನ್ನು ಅಂಗೈ ಮೇಲಿಟ್ಟು ನೋಡಿ, ಮುಖದ ಒಂದು ಗೆರೆಯೂ ಅಲುಗದಂತೆ, "ಭತ್ತ ಭಾಳ ಛಲೋ ಒಣಗೈತ್ರಿ ಗೌಡ್ರ. ಇನ್ನ ಗಾಡಿ ಒಣಗಿಸೋಣು ಬರ್ರಿ" ಅಂದರು. ಅವರು ನಗದೇ ಇದ್ದದ್ದಕ್ಕೆ ಆ ರೈತನಿಗೆ ಧೈರ್ಯ ಬಂದು, ನೀರು ಮೇಲೆ ತೇಲಿ ಬರಲಿ ಎಂದು ಪೆಟ್ರೋಲ್ ಟ್ಯಾಂಕಿಗೆ ಒಂದಿಷ್ಟು ಡೀಸೆಲ್ಲನ್ನೂ ಹುಯ್ದಿದ್ದೇನೆ ಎಂದು ಮೆಲ್ಲಗೆ ಹೇಳಿದ. ಅದನ್ನು ಹೇಳದೆ ಹೋಗಿದ್ದರೆ ನಾವು ಆ ಗಾಡಿಯ ಮುಂದೆ ದಿನಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಿದ್ದೆವು.

ಕುಷ್ಟಗಿಯಲ್ಲಿ ಇನ್ನೊಬ್ಬರ ಗ್ಯಾರೇಜಿನಲ್ಲಿ ಕೆಲಸ ಮಾಡಿದಾಗ ಕಂಡದ್ದು ಬೇರೆ ತರಹದ ಕಾಯಿಲೆ. ಅದಕ್ಕೆ ನಾನು 'ಇನ್ನೊಂದು ಸ್ವಲ್ಪ' ಎಂದು ಹೆಸರಿಟ್ಟಿದ್ದೇನೆ. ಎಣ್ಣೆ ಬದಲಿಸಿ ಕೆಳಗಿನ ಬೋಲ್ಟು ಬಿಗಿ ಮಾಡುವಾಗ ಸಾಕು ಅನ್ನಿಸಿದರೂ ಮನಸ್ಸು ತಡೆಯದೆ ಇನ್ನೊಂದು ಸ್ವಲ್ಪ ತಿರುಗಿಸುತ್ತಾರೆ. ಥ್ರೆಡ್ಡು ಕೊಯ್ದುಹೋಗುತ್ತದೆ. ಯಲಬುರ್ಗಾದ ಒಬ್ಬ ಕಿರಾಣಿ ಅಂಗಡಿಯವರು ಹಾಗೆ ಮಾಡಿಕೊಂಡು, ಸೋರುವ ಜಾಗಕ್ಕೆ ಬಟ್ಟೆ ಸೋಪು ಮೆತ್ತಿ ಕುಷ್ಟಗಿಯವರೆಗೆ ಬಂದುಬಿಟ್ಟಿದ್ದರು. ಎಂಜಿನ್ ಕಾದಂತೆ ಸೋಪೂ ಕರಗಿತು, ಎಣ್ಣೆಯೂ ಇಳಿಯಿತು. "ನಾ ಯಾ ಹಾದೀಲಿ ಬಂದೆ ಅಂತ ಕೇಳಬ್ಯಾಡ್ರಿ, ರೋಡಿನ ಮ್ಯಾಲ ಗೀಟು ಹಾಕ್ಕೋತನ ಬಂದೇನಿ" ಎಂದು ತಾವೇ ನಕ್ಕರು. ಅಂಥ ಗಿರಾಕಿ ಸಿಕ್ಕರೆ ನಮ್ಮ ಪುಣ್ಯ.

ಹುಡುಗರೇ, ಮನೆಯಲ್ಲಿ ಗಾಡಿ ಬಿಚ್ಚುವವರನ್ನು ಕಂಡು ಮೂಗು ಮುರಿಯಬೇಡಿ. ಹಿಂದೆ ಗಾಡಿಯೂ ಸರಳ, ರಸ್ತೆಯ ಬದಿಯಲ್ಲಿ ಪಾಯಿಂಟು ತಿಕ್ಕಿ, ಪ್ಲಗ್ಗು ಒರೆಸಿ ಮನೆ ಮುಟ್ಟುತ್ತಿದ್ದರು. ಈಗ ಗಾಡಿ ತುಂಬ ಸೆನ್ಸರು, ಜನರ ಕೈಯಲ್ಲಿ ವಿಡಿಯೋ. ವಿಡಿಯೋದಲ್ಲಿ ಬಿಚ್ಚುವುದನ್ನು ನಿಧಾನವಾಗಿ ತೋರಿಸುತ್ತಾರೆ, ಜೋಡಿಸುವಾಗ ಓಡಿಸಿಬಿಡುತ್ತಾರೆ. ಅದಕ್ಕೇ ನಮ್ಮ ಗ್ಯಾರೇಜಿಗೆ ಬರುವವರ ಕರವಸ್ತ್ರದಲ್ಲಿ ಉಳಿದ ಸ್ಕ್ರೂಗಳ ಗಂಟು ಇರುತ್ತದೆ. ಆದರೂ ತನ್ನ ಗಾಡಿಯ ಮೇಲೆ ಪ್ರೀತಿ ಇಲ್ಲದವನು ಅದಕ್ಕೆ ಕೈ ಹಚ್ಚುವುದಿಲ್ಲ ಎಂಬುದು ಅಂದಿಗೂ ಇಂದಿಗೂ ನನ್ನ ನಂಬಿಕೆ. ಪ್ರೀತಿಯಿಂದ ಮಾಡಿದ ತಪ್ಪು ಎಷ್ಟು ದೊಡ್ಡದಾಗಬಹುದು ಎಂಬುದನ್ನು ನನಗೆ ತೋರಿಸಿದವನು ಯಮನಪ್ಪ.

ಆ ಹೊತ್ತಿಗೆ ನಾನು ಕೊಪ್ಪಳದಲ್ಲಿ ಅಳವಂಡಿ ರಸ್ತೆಯ ಬದಿಗೆ ನನ್ನದೇ ಗ್ಯಾರೇಜು ಇಟ್ಟುಕೊಂಡು ಬಹಳ ಕಾಲವಾಗಿತ್ತು. ಅಲ್ಲಿಂದ ರಸ್ತೆ ಹಳ್ಳದ ಸೇತುವೆಯ ಕಡೆಗೆ ಸಣ್ಣಗೆ ಇಳಿಯುತ್ತದೆ. ಯಮನಪ್ಪ ಅಳವಂಡಿ ಹತ್ತಿರದ ಹಳ್ಳಿಯವನು. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಹಿರಿಯ. ಟ್ರ್ಯಾಕ್ಟರು ಬರುವ ಮುಂಚೆ ಅವನ ಎತ್ತಿನ ಬಂಡಿಗೆ ಸುತ್ತಲ ಊರುಗಳಲ್ಲಿ ಹೆಸರಿತ್ತು. ಅವನ ಬಂಡಿ ಬಂದದ್ದು ಎತ್ತಿನ ಗೆಜ್ಜೆಯಿಂದ ಗೊತ್ತಾಗಬೇಕೇ ಹೊರತು ಗಾಲಿಯ ಸಪ್ಪಳದಿಂದ ಅಲ್ಲ ಎಂದು ಜನ ಹೇಳುತ್ತಿದ್ದರು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲಸಿ ಮಾಡುವ ಕೀಲೆಣ್ಣೆಯನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಬಂಡಿಗೆ ನೇತುಹಾಕುತ್ತಿದ್ದ. ಮನೆಯವರು ಯಾರಾದರೂ ಪ್ರಯಾಣ ಹೊರಟರೆ ಹಿಂದಿನ ದಿನವೇ ಗಾಲಿ ಕಳಚಿ, ಅದರ ನಡುವೆ ಅಚ್ಚು ಕೂಡುವ ಗುಂಬದೊಳಗೆ ಎಣ್ಣೆ ಬಳಿದು ಇಡುವುದು ಅವನ ವ್ರತ. ಅದರಲ್ಲೂ ಹೆಣ್ಣುಮಕ್ಕಳು ಕೂತ ಬಂಡಿ ದಾರಿಯಲ್ಲಿ ಕಿರುಗುಟ್ಟಿದರೆ ಕಳಿಸಿಕೊಟ್ಟ ಮನೆಗೆ ಅವಮಾನ ಎಂದು ಆ ಕಡೆಯ ಹಳಬರು ತಿಳಿಯುತ್ತಾರೆ.

ಬಂಡಿ ಹೋಗಿ ಕಾಲವಾಯಿತು. ಯಮನಪ್ಪನ ಒಬ್ಬಳೇ ಮಗಳು ಶಾಂತಾ ಓದಿ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆಯ ಕೆಲಸಕ್ಕೆ ಸೇರಿದಳು. ರಕ್ತ ಕೊಡುವವರು ಖಾಲಿ ಹೊಟ್ಟೆಯಲ್ಲಿ ಬಂದು ಕಾಯುತ್ತಿರುತ್ತಾರೆ, ಬೆಳಿಗ್ಗೆ ಬೇಗ ಹೋಗಬೇಕು, ಆ ಹೊತ್ತಿಗೆ ಅವರ ಊರಿಗೆ ಬಸ್ಸಿಲ್ಲ. ಹಾಗಾಗಿ ಮೋಟಾರ್ ಸೈಕಲ್ ಕಲಿತಳು. ಸ್ಕೂಟಿ ಅಲ್ಲ, ಗೇರಿನ ಗಾಡಿ. ಆ ರಸ್ತೆಯ ತಗ್ಗುಗಳಿಗೆ ದೊಡ್ಡ ಗಾಲಿಯೇ ಬೇಕು. ಅವಳು ಗಾಡಿಯನ್ನು ನನ್ನ ಹತ್ತಿರವೇ ಸರ್ವಿಸಿಗೆ ತರುತ್ತಿದ್ದಳು. ಖಾಜಾ ಕಾಕಾ ಎಂದು ಕರೆದು, ಪಕ್ಕದಲ್ಲಿ ನಿಂತು ಪ್ರತಿಯೊಂದನ್ನೂ ಕೇಳುತ್ತಿದ್ದಳು. ಎದೆಗಾರಿಕೆಯ ಹುಡುಗಿ. ಅವಳು ಗಾಡಿ ಓಡಿಸುವುದು ಯಮನಪ್ಪನ ಅಣ್ಣ ಶಿವಪ್ಪನಿಗೆ ಮಾತ್ರ ಸರಿಬೀಳುತ್ತಿರಲಿಲ್ಲ. ಮನೆಯ ಹಿರಿಯನಾದ ಅವನ ಮಾತಿಗೆ ಯಮನಪ್ಪ ಎದುರಾಡಿದ್ದೇ ಇಲ್ಲ.

ಒಂದು ದಿನ ಬೆಳಿಗ್ಗೆ ಶಾಂತಾ ಬಿದ್ದಳು. ಅವರ ಊರಿಂದ ರಸ್ತೆ ನೇರ, ಸಪಾಟು, ಅಲ್ಲಿನ ಬೇರೊಂದು ಹಳ್ಳದ ಇಳಿಜಾರು ಬರುವ ತನಕ ಬ್ರೇಕಿನ ಕೆಲಸವೇ ಬೀಳುವುದಿಲ್ಲ. ಇಳಿಜಾರಿನ ಕೆಳಗೆ ಕುರಿ ಹಿಂಡು ಅಡ್ಡ ಬಂದಿತ್ತು. ಅವಳು ಕಾಲಿನ ಬ್ರೇಕು ತುಳಿದಳು, ಕೈಯದನ್ನು ಒತ್ತಿದಳು, ಗಾಡಿ ನಿಲ್ಲಲಿಲ್ಲ. ಕುರಿಗಳಿಗೆ ಬಡಿಯಬಾರದೆಂದು ತಾನೇ ಗಾಡಿಯನ್ನು ಪಕ್ಕದ ತಗ್ಗಿಗೆ ತಿರುಗಿಸಿದಳು. ಎಡಗೈ ಮುರಿಯಿತು. ಕುರಿ ಕಾಯುವವರು ಸುದ್ದಿ ಮುಟ್ಟಿಸಿದಾಗ ಓಡಿಬಂದು ಅವಳನ್ನು ಮಗುವಿನಂತೆ ಎತ್ತಿಕೊಂಡು ಟಂಟಂ ಆಟೋ ಹತ್ತಿಸಿದವನು ಶಿವಪ್ಪನೇ.

ಇದೆಲ್ಲ ನನಗೆ ಗೊತ್ತಾದದ್ದು ಮರುದಿನ ಅಣ್ಣ ತಮ್ಮ ಇಬ್ಬರೂ ಅದೇ ಟಂಟಂನಲ್ಲಿ ಗಾಡಿ ಹೇರಿಕೊಂಡು ಬಂದಾಗ. ಹ್ಯಾಂಡಲ್ಲು ಸೊಟ್ಟಗಾಗಿತ್ತು, ದೀಪ ಒಡೆದಿತ್ತು. ಶಿವಪ್ಪ ಕೆಳಗಿಳಿಯುತ್ತಲೇ ಅಂದ:

"ಖಾಜಾಸಾಬ್ರ, ಇದನ್ನ ನೋಡಾಕ ಒಂದು ಚಂದ ಮಾಡಿಕೊಡ್ರಿ. ತಗೊಳ್ಳಾವ ಒಬ್ಬ ಅದಾನ. ಇನ್ನ ನಮ್ಮ ಮನ್ಯಾಗ ಹೆಣ್ಣಮಕ್ಕಳು ಗಾಡಿ ಮುಟ್ಟಾಂಗಿಲ್ಲ. ಆಕಿ ಕೆಲಸಾನೂ ಸಾಕು."

"ಶಾಂತಾ ಏನಂತಾಳ್ರಿ?" ಎಂದು ಕೇಳಿದೆ.

"ಬ್ರೇಕ್ ಹಿಡೀಲಿಲ್ಲ ಅಂತಾಳ. ಬಿದ್ದವರೆಲ್ಲ ಹಂಗ ಅನ್ನಾವ್ರು. ಗಾಡಿ ಛಲೋ ಇತ್ತು ಅಂತ ಅವರಪ್ಪನ ಹೇಳ್ತಾನ, ಕೇಳ್ರಿ ಬೇಕಾದ್ರ."

ಯಮನಪ್ಪ ತಲೆ ಅಲ್ಲಾಡಿಸಿದ. "ಹೌದ್ರಿ. ಹಿಂದಿನ ದಿನಾನ ನಾ ಎಲ್ಲಾ ನೋಡಿ ಇಟ್ಟಿದ್ದೆ. ಗಾಡೀದೇನೂ ತಪ್ಪಿಲ್ಲ. ಹುಡುಗಿ ಗಾಬರಿ ಆಗ್ಯಾಳ, ಅಷ್ಟ." ಮಗಳ ಕೈ ಮುರಿದ ದುಃಖ ಅವನ ಮುಖದಲ್ಲಿತ್ತು, ಹೇಳಿದ ಮಾತಿನಲ್ಲಿ ಮಾತ್ರ ಎಳ್ಳಷ್ಟೂ ಅನುಮಾನವಿರಲಿಲ್ಲ.

ನನಗೆ ಶಾಂತಾಳ ಮಾತೇ ನಿಜ ಅನ್ನಿಸಿತು. ಆ ಹುಡುಗಿ ಗಾಬರಿಯಾಗುವವಳಲ್ಲ. ಅವಳಪ್ಪ ನೋಡಿ ಇಟ್ಟದ್ದು ಅಂದರೆ ಏನು ಎಂಬ ಪ್ರಶ್ನೆಯೂ ಆಗಲೇ ಹುಟ್ಟಿತು. ಶಿವಪ್ಪನ ಎದುರು ಅದನ್ನು ಕೇಳುವುದು ಬೇಡವೆಂದು, ಎದುರಿನ ಹೋಟೆಲಿನಲ್ಲಿ ಮಿರ್ಚಿ ಬಿಸಿ ಇದೆ, ಒಂದು ಚಹಾ ಕುಡಿದು ಬನ್ನಿ ಎಂದು ಅವನನ್ನು ಕಳಿಸಿದೆ. ಆಮೇಲೆ ಹಿಂದಿನ ಗಾಲಿ ಕಳಚಿದೆ.

ಡ್ರಮ್ಮಿನಿಂದ ಬ್ರೇಕಿನ ತಟ್ಟೆ ಹೊರಗೆ ಬಂದ ಕೂಡಲೇ ಹರಳೆಣ್ಣೆಯ ವಾಸನೆ ಬಂತು. ಒಳಗೆಲ್ಲ ಕರ್ರಗೆ ಬಳಿದಿತ್ತು. ಡ್ರಮ್ಮನ್ನು ಒತ್ತಿ ಹಿಡಿಯುವ ಲೈನರಿನ ಮೇಲೆ, ಡ್ರಮ್ಮಿನ ಗೋಡೆಗೆ, ಸ್ಪ್ರಿಂಗಿನ ಸಂದಿಗೆ, ಒಂದು ಜಾಗವನ್ನೂ ಬಿಟ್ಟಿರಲಿಲ್ಲ. ಮುಂದಿನ ಗಾಲಿಯನ್ನೂ ಬಿಚ್ಚಿದೆ, ಅಲ್ಲೂ ಅದೇ. ಇಷ್ಟು ವರ್ಷ ಎಷ್ಟೋ ತರಹದ ಮನೆ ರಿಪೇರಿ ನೋಡಿದ್ದೆ, ಇಷ್ಟು ಅಚ್ಚುಕಟ್ಟಾಗಿ ಮಾಡಿದ್ದನ್ನು ನೋಡಿರಲಿಲ್ಲ. ನಟ್ಟುಗಳಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಉಸ್ತಾದರ ಪಾಠದಂತೆ ಕೇಳಿದೆ. "ಯಮನಪ್ಪಣ್ಣ, ಮನ್ಯಾಗ ಏನೇನ್ ಮಾಡಿದ್ರಿ?"

ಅವನು ಹತ್ತಿರ ಬಂದು ಬಗ್ಗಿ ನೋಡಿದ. ಅವನ ಮುಖ ಅರಳಿತು, ದೇವರಾಣೆಗೂ ಅರಳಿತು. "ಇದು ನಂದ ಕೆಲಸ ರೀ. ಬ್ರೇಕ್ ಹಿಡಿದಾಗೊಮ್ಮೆ ಕಿರ್ರ್ ಅಂತಿತ್ತು. ಮಗಳು ಒಬ್ಬಾಕಿನ ಹೋಗಿ ಬರ್ತಾಳ, ಗಾಲಿ ಕೂಗಬಾರದಲ್ಲ? ಬಂಡಿ ಗುಂಬಕ್ಕ ಹಚ್ಚಿದಂಗ ಹಚ್ಚೀನಿ. ಹಚ್ಚಿದ ಮ್ಯಾಲ ಎಷ್ಟು ನುಣ್ಣಗ ತಿರುಗ್ತು ಅಂತೀರಿ! ಒಂದು ಚೂರು ಸಪ್ಪಳ ಇಲ್ಲ."

ಅವನು ನನ್ನ ಶಹಬ್ಬಾಸ್ ಕಾಯುತ್ತ ನಿಂತಿದ್ದ. ಬಾಯಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಗ್ಯಾರೇಜಿನಲ್ಲಿ ಬೇರೆಯವರ ಗಾಡಿಯೊಂದು ಸ್ಟ್ಯಾಂಡಿನ ಮೇಲಿತ್ತು. ಅದರ ಹಿಂದಿನ ಗಾಲಿಯನ್ನು ಕೈಯಿಂದ ತಿರುವಿ ಬಿಟ್ಟು, ಟೈರಿಗೆ ಅಂಗೈ ಒತ್ತಿ ನಿಲ್ಲಿಸಲು ಹೇಳಿದೆ. ನಿಲ್ಲಿಸಿದ. ಆಮೇಲೆ ಅವನ ಅಂಗೈಗೆ ಡ್ರಮ್ಮಿನೊಳಗಿನ ಅದೇ ಕೀಲೆಣ್ಣೆ ಬಳಿದು ಮತ್ತೆ ಗಾಲಿ ತಿರುವಿದೆ. ಅವನು ಒತ್ತಿದ. ಗಾಲಿ ಅವನ ಕೈಕೆಳಗೆ ಜಾರುತ್ತಲೇ ತಿರುಗಿತು. ಇನ್ನೂ ಒತ್ತಿದ, ಜಾರಿತು.

"ಬಂಡಿ ಗುಂಬದ ಕೆಲಸ ತಿರುಗೋದು, ಅಣ್ಣ" ಅಂದೆ. "ಈ ಡ್ರಮ್ಮಿನ ಕೆಲಸ ತಿಕ್ಕಿ ಹಿಡಿಯೋದು. ತಿಕ್ಕಿದಾಗ ಒಮ್ಮೊಮ್ಮೆ ಸಪ್ಪಳ ಬರ್ತೈತಿ. ಧೂಳು ಕೂತಿದ್ರ ಒರಸಬೇಕು, ಎಣ್ಣಿ ಹಾಕಬಾರದು."

ಯಮನಪ್ಪ ತನ್ನ ಅಂಗೈಯನ್ನೇ ನೋಡುತ್ತ ನಿಂತ. ನಂತರ ಹಳೆಯ ಟೈರುಗಳ ಮೇಲೆ ಕುಸಿದು ಕೂತು, "ಹಂಗಾದ್ರ ಆಕಿ ಬ್ರೇಕ್ ತುಳಿದಿದ್ಲು" ಅಂದ. ಮುರಿದ ಕೈಗಿಂತ ಮೊದಲು ಅವನಿಗೆ ನೆನಪಾದದ್ದು ಮಗಳ ಮಾತು.

ಹೋಟೆಲಿನ ಕಡೆ ನೋಡಿದೆ. ಶಿವಪ್ಪ ಚಹಾ ಮುಗಿಸಿ ಏಳುತ್ತಿದ್ದ. ಮೆಲ್ಲಗೆ ಅಂದೆ: "ಯಮನಪ್ಪಣ್ಣ, ಮುಂದಿನ ಬ್ರೇಕ್ ಕೇಬಲ್ ಕಡಿದಿತ್ತು, ಹಿಂದಿನ ರಾಡೂ ಕಳಚಿತ್ತು ಅಂತ ನಾ ಹೇಳ್ತೀನಿ. ಹುಡುಗೀದೂ ತಪ್ಪಲ್ಲ, ನಿಮ್ದೂ ತಪ್ಪಲ್ಲ. ಇಲ್ಲಿಗೆ ಮುಗೀತೈತಿ."

ಕಸುಬಿನಲ್ಲಿ ಸುಳ್ಳು ಹೇಳಬಾರದು ಎಂದು ನಿಮಗೆ ಬೋಧನೆ ಮಾಡುವ ನಾನೇ ಆ ಸುಳ್ಳನ್ನು ಮುಂದಿಟ್ಟೆ. ಇವತ್ತಿಗೂ ಅದಕ್ಕೆ ನಾಚಿಕೆಪಡುವುದಿಲ್ಲ. ಆ ಮನುಷ್ಯನನ್ನು ಆಗ ನೀವು ನೋಡಿದ್ದರೆ ನೀವೂ ಅದನ್ನೇ ಮಾಡುತ್ತಿದ್ದಿರಿ.

ಯಮನಪ್ಪ ತಲೆ ಎತ್ತಿದ. "ಬ್ಯಾಡ್ರಿ. ಕೇಬಲ್ ಅಂದ್ರ ನಮ್ಮಣ್ಣ ಏನಂತಾನ? ಕೇಬಲ್ ಯಾವಾಗ ಬೇಕಾದ್ರ ಕಡೀತೈತಿ, ಗಾಡಿ ನಂಬಾಕ ಬರಾಂಗಿಲ್ಲ, ಮಾರಿಬಿಡು ಅಂತಾನ. ಆಕಿ ಮನ್ಯಾಗ ಕೂಡಬೇಕಾಗ್ತೈತಿ. ನಾ ಕೀಲೆಣ್ಣಿ ಹಚ್ಚಿದ್ದು ಅಂದ್ರ, ಮತ್ತ ಹಚ್ಚಾಂಗಿಲ್ಲ ಅಷ್ಟ. ಗಾಡೀದೂ ತಪ್ಪಿಲ್ಲ, ಆಕೀದೂ ತಪ್ಪಿಲ್ಲ."

ಅಷ್ಟು ದುಃಖದಲ್ಲೂ ಅವನ ತಲೆ ನನ್ನದಕ್ಕಿಂತ ನೆಟ್ಟಗೆ ಓಡಿತ್ತು. ನಾನು ತಂದೆಯನ್ನು ಉಳಿಸಲು ನೋಡಿದ್ದೆ, ಅವನು ಮಗಳನ್ನು ಉಳಿಸಲು ನೋಡುತ್ತಿದ್ದ.

ಶಿವಪ್ಪ ಮೀಸೆ ಒರೆಸಿಕೊಳ್ಳುತ್ತ ಬಂದ. ಯಮನಪ್ಪ ಎದ್ದು ನಿಂತು ಕಪ್ಪಾದ ಅಂಗೈಯನ್ನು ಅಣ್ಣನ ಮುಂದೆ ಹಿಡಿದ. "ಅಣ್ಣಾ, ಗಾಡಿ ಮಾರಾಂಗಿಲ್ಲ. ಬ್ರೇಕಿಗೆ ನಾ ಕೀಲೆಣ್ಣಿ ಹಚ್ಚಿಬಿಟ್ಟಿದ್ದೆ. ಹುಡುಗಿ ಸುಳ್ಳು ಹೇಳಿಲ್ಲ."

ಮೊದಲು ಶಿವಪ್ಪನಿಗೆ ತಿಳಿಯಲಿಲ್ಲ. ನಾನು ಡ್ರಮ್ಮು ತೋರಿಸಿದೆ. ತಿಳಿದ ಮೇಲೆ ಅವನು ರಸ್ತೆಗೆ ಕೇಳುವಂತೆ ಕೂಗಾಡಿದ. "ಹೆತ್ತ ಮಗಳ ಕೈ ಮುರದೆಲ್ಲೋ ಹುಚ್ಚಪ್ಪಾ! ಎದೆ ಒಡೆದು ಸಾಯ್ತಿದ್ದೆ ನಾ, ಆಕೀನ್ನ ತಗ್ಗಿನ್ಯಾಗಿಂದ ಎತ್ತೂವಾಗ!" ಯಮನಪ್ಪ ಒಂದಕ್ಕೂ ಎದುರಾಡಲಿಲ್ಲ, ಗಾಡಿ ಮಾರುವುದಿಲ್ಲ ಎಂಬ ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೂಗಿ ಸುಸ್ತಾದ ಶಿವಪ್ಪ ತಮ್ಮನ ಪಕ್ಕದಲ್ಲೇ ಟೈರಿನ ಮೇಲೆ ಕೂತು ಹೆಗಲ ಮೇಲಿನ ಟವೆಲ್ಲು ತೆಗೆದು ಕೊಟ್ಟ. ಕೈ ಒರೆಸಿಕೊಳ್ಳಲು. ಅವನೂ ಕೆಟ್ಟವನಲ್ಲ. ಹೆದರಿದ್ದ, ಅಷ್ಟೇ.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ನಾನು ತಿಳಿದೆ. ಆಗಿರಲಿಲ್ಲ. ಶಾಂತಾಳ ಕೈಗೆ ಬ್ಯಾಂಡೇಜು ಕಟ್ಟಿದ್ದ ಕೊಪ್ಪಳದ ಆಸ್ಪತ್ರೆಗೆ ಅವಳು ಮತ್ತೆ ತೋರಿಸಲು ಬಂದ ದಿನ, ತಾಯಿಯ ಜೊತೆ ನನ್ನ ಗ್ಯಾರೇಜಿಗೂ ಬಂದಳು. ಗಾಡಿಯ ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದಿದ್ದ ಯಮನಪ್ಪ ಅಲ್ಲೇ ಇದ್ದ. ಮನೆಯಲ್ಲಿ ಅವನು ಎಲ್ಲ ಹೇಳಿಯಾಗಿತ್ತು. ಅವಳು ನನ್ನನ್ನು ಮಾತಾಡಿಸಿದಳು, ಗಾಡಿಯನ್ನು ಮುಟ್ಟಿ ನೋಡಿದಳು. ತಂದೆಯ ಕಡೆ ತಿರುಗಲಿಲ್ಲ. ಅವನೇ ಹತ್ತಿರ ಹೋಗಿ, "ಇನ್ನೂ ಸಿಟ್ಟೈತೇನವಾ? ಎಣ್ಣಿ ಹಚ್ಚಬಾರದು ಅಂತ ನನಗ ಗೊತ್ತಿದ್ದಿಲ್ಲ" ಅಂದ.

"ಎಣ್ಣಿ ಹಚ್ಚಿದ್ದಕ್ಕ ಸಿಟ್ಟಿಲ್ಲಪ್ಪ" ಅಂದಳು. "ಬ್ರೇಕ್ ಹಿಡೀಲಿಲ್ಲ ಅಂತ ನಾ ಅಷ್ಟು ಸರ್ತಿ ಹೇಳಿದೆ. ಎಲ್ಲಾರ ಮುಂದ ಗಾಡಿ ಛಲೋ ಇತ್ತು ಅಂದಿ. ದೊಡ್ಡಪ್ಪ ನಂಬಲಿಲ್ಲ ಅಂದ್ರ ನಂಗೇನೂ ಅನ್ನಿಸಲಿಲ್ಲ. ನೀನೂ ನಂಬಲಿಲ್ಲಲ್ಲ." ಹೇಳುತ್ತ ಹೇಳುತ್ತ ಅತ್ತುಬಿಟ್ಟಳು. ತಾಯಿ ಅವಳನ್ನು ಕರೆದುಕೊಂಡು ಹೋದಳು.

ಆಮೇಲೆ ಯಮನಪ್ಪ ನನ್ನ ಗ್ಯಾರೇಜಿಗೆ ಬರತೊಡಗಿದ. ಮೊದಲು ಸುಮ್ಮನೆ ಕೂತು ಹೋಗುತ್ತಿದ್ದ. ಒಂದು ದಿನ, "ಖಾಜಾಸಾಬ್ರ, ಈ ಬ್ರೇಕ್ ಒಂದು ನನಗ ಕಲಿಸ್ರಿ. ಬ್ಯಾರೆ ಏನೂ ಬ್ಯಾಡ" ಅಂದ. ಕಲಿಸಿದೆ. ನಾನು ಕಲಿಸಿದವರಲ್ಲಿ ಅಷ್ಟು ಪ್ರಶ್ನೆ ಕೇಳಿದವರು ಇಲ್ಲ. ಲೈನರ್ ಎಷ್ಟು ಸವೆದರೆ ಬದಲಿಸಬೇಕು, ಪೆಡಲಿನಲ್ಲಿ ಎಷ್ಟು ಸಡಿಲ ಇರಬೇಕು, ಡ್ರಮ್ಮನ್ನು ಯಾವ ಪಾಲಿಶ್ ಪೇಪರಿನಲ್ಲಿ ತಿಕ್ಕಬೇಕು, ಎಲ್ಲವನ್ನೂ ಕೇಳಿದ. ಬಂಡಿಯ ಗಾಲಿ ಕಳಚಿ ಪಳಗಿದ ಕೈ, ಬೇಗ ಹಿಡಿಯಿತು. ಆದರೆ ಮಗಳ ಗಾಡಿಯನ್ನು ಮಾತ್ರ ಮುಟ್ಟಲಿಲ್ಲ. ಅದಕ್ಕೆ ಹೊಸ ಲೈನರ್ ಹಾಕುವ ದಿನವೂ ಕೈ ಹಿಂದೆ ಕಟ್ಟಿಕೊಂಡು ದೂರ ನಿಂತಿದ್ದ. ಮನೆಯಲ್ಲಿ ಮಗಳು ಬೇಕಾದಷ್ಟೇ ಮಾತಾಡುತ್ತಾಳೆ ಎಂದು ಒಮ್ಮೆ ಹೇಳಿದ. ಸುಮ್ಮನೆ ಹೇಳಿದ, ದೂರು ಹೇಳುವಂತೆ ಅಲ್ಲ.

ಕೈ ಕೂಡಿದ ಮೇಲೆ ಶಾಂತಾ ಗಾಡಿ ಒಯ್ಯಲು ಬಂದಳು. ಶಿವಪ್ಪನೂ ಬಂದಿದ್ದ, ಒಯ್ಯಬೇಡ ಎನ್ನಲು ಅಲ್ಲ, ತಾನು ಒಪ್ಪಿಲ್ಲ ಎಂದು ಎಲ್ಲರಿಗೂ ಕಾಣಿಸಲು. ಅವಳು ಗಾಡಿ ಹತ್ತಿ ಬ್ರೇಕು ತುಳಿದು ನೋಡಿದಳು. "ಕಾಕಾ, ಪೆಡಲ್ ಸ್ವಲ್ಪ ಸಡ್ಲ ಅನಸ್ತೈತಿ" ಅಂದಳು. ಹೊಸ ಲೈನರ್ ಕೂತ ಮೇಲೆ ಅಷ್ಟು ಸಡಿಲವಾಗುವುದು ಇದ್ದದ್ದೇ. ನಾನು ಪಾನಾ ತೆಗೆದುಕೊಂಡು ಬಗ್ಗಿದೆ. ಅವಳು ನನ್ನ ಕೈಯಿಂದ ಪಾನಾ ಇಸಿದುಕೊಂಡಳು. ಗೋಡೆಗೆ ಒರಗಿ ನಿಂತಿದ್ದ ತಂದೆಯ ಮುಂದೆ ಹೋಗಿ ಅದನ್ನು ಹಿಡಿದಳು.

ಯಮನಪ್ಪ ಅದನ್ನು ತೆಗೆದುಕೊಳ್ಳಲಿಲ್ಲ. "ನನ್ನ ಕೈಲೆ ಬ್ಯಾಡವಾ" ಅಂದ.

"ಕಲ್ತೀಯಂತಲ್ಲ. ಮಾಡು."

ಅವನು ಕೂತ. ಹಿಂದಿನ ನಟ್ಟು ಸ್ವಲ್ಪ ಬಿಗಿ ಮಾಡಿ, ಗಾಲಿ ತಿರುವಿ, ಪೆಡಲ್ ಒತ್ತಿ, ಮತ್ತೆ ತಿರುವಿ, ಮತ್ತೆ ಒತ್ತಿ ನೋಡಿದ. ಇನ್ನೊಂದು ಸ್ವಲ್ಪ ಎಂದು ಮುಂದಕ್ಕೆ ಹೋಗಲಿಲ್ಲ, ಬೇಕಾದಲ್ಲಿಗೆ ನಿಲ್ಲಿಸಿದ. ಎದ್ದು ನಿಂತು, "ಖಾಜಾಸಾಬ್ರ, ನೀವೊಮ್ಮೆ ನೋಡಿಬಿಡ್ರಿ" ಅಂದ.

ಜೀವಮಾನವಿಡೀ ನಾನು ಮಾಡಿದ್ದು ಅದೇ ಕೆಲಸ, ಬೇರೆಯವರು ಕೈ ಹಚ್ಚಿದ್ದನ್ನು ಮತ್ತೊಮ್ಮೆ ನೋಡುವುದು. ಕಾಲು ತಾನಾಗಿ ಮುಂದೆ ಹೋಯಿತು. ಶಾಂತಾ ಗಾಡಿ ಹತ್ತಿ ಕೂತಾಗಿತ್ತು.

"ಬ್ಯಾಡ ಕಾಕಾ" ಅಂದಳು. ತಂದೆಯ ಕಡೆ ತಿರುಗಿ, "ಬ್ರೇಕ್ ಹಿಡೀತಾವೇನಪ್ಪಾ?" ಎಂದು ಕೇಳಿದಳು.

"ಹಿಡೀತಾವವಾ."

"ಹಂಗಾದ್ರ ಸಾಕು. ನೀ ಹೇಳಿದ್ದನ್ನ ನಾ ನಂಬ್ತೀನಿ."

ಗಾಡಿ ಚಾಲೂ ಮಾಡಿ ಹೊರಟುಬಿಟ್ಟಳು. ನಾವು ಮೂವರೂ ರಸ್ತೆಗೆ ಬಂದು ನಿಂತೆವು. ಗಾಡಿ ಇಳಿಜಾರು ಹಿಡಿಯಿತು. ಕೆಳಗೆ ಸೇತುವೆಯ ಮುಂದಿನ ರಸ್ತೆಯುಬ್ಬಿನ ಹತ್ತಿರ ಎದುರಿನಿಂದ ಲಾರಿ ಬರುತ್ತಿತ್ತು. ಶಿವಪ್ಪ ತಮ್ಮನ ಭುಜ ಹಿಡಿದುಕೊಂಡ. ಹಿಂದಿನ ಕೆಂಪು ದೀಪ ಹತ್ತಿತು, ಗಾಡಿ ನಿಂತಿತು, ಲಾರಿಗೆ ದಾರಿ ಬಿಟ್ಟಿತು. ಅವಳು ತಿರುಗಿ ನೋಡಲಿಲ್ಲ. ನೋಡಿದ್ದರೆ, ನಡುರಸ್ತೆಯಲ್ಲಿ ಅವಳಪ್ಪ ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದುದು ಕಾಣುತ್ತಿತ್ತು.